ಕೌದಿಯ ಅಂಚು ಹೊಲಿದರೂ ಅದು ಚಿತ್ರವೇ

ಚಿತ್ರದ ಸುತ್ತ ಕೌದಿಯ ಅಂಚು ಹೊಲಿದಿದ್ದೇನೆ, ಪ್ರದರ್ಶನದ ಅರ್ಜಿಯಲ್ಲಿ ಚಿತ್ರಕಲೆ ಎನ್ನಲೇ, ಕರಕುಶಲ ಎನ್ನಲೇ ಎಂದು ಕೇಳಿದ್ದೀರಿ. ಧೈರ್ಯವಾಗಿ ಚಿತ್ರಕಲೆ ಎಂದೇ ಬರೆಯಿರಿ. ಅಮೆರಿಕದ ಕಲಾವಿದೆ ಫೇತ್ ರಿಂಗ್‌ಗೋಲ್ಡ್ 1988ರಲ್ಲಿ ಮಾಡಿದ ‘ಟಾರ್ ಬೀಚ್’ ಕೂಡ ಹೀಗೆಯೇ: ನಡುವೆ ಕ್ಯಾನ್ವಾಸ್ ಮೇಲೆ ಅಕ್ರಿಲಿಕ್ ಬಣ್ಣದ ಚಿತ್ರ, ಸುತ್ತ ತುಂಡುಬಟ್ಟೆಯ ಅಂಚು. ಅದು ನ್ಯೂಯಾರ್ಕಿನ ಗುಗೆನ್‌ಹೈಮ್ ಕಲಾ ಸಂಗ್ರಹಾಲಯದಲ್ಲಿದೆ.

ಆದರೆ ‘ಬರೀ ಕೌದಿಯಾಗಿದ್ದರೆ ಕರಕುಶಲವೇ ಸರಿ’ ಎಂದಿರಲ್ಲ, ಅದಕ್ಕೆ ನನ್ನ ತಕರಾರಿದೆ. ಹಳಿಯಾಳ, ಯಲ್ಲಾಪುರದ ಕಡೆಯ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರು ಹಳೆಯ ಬಟ್ಟೆಯ ತುಂಡುಗಳನ್ನು ಅಂಚಿನಿಂದ ನಡುವಿನತ್ತ ಜೋಡಿಸುತ್ತ ಹೋಗುತ್ತಾರೆ. ಯಾವ ಬಣ್ಣದ ಪಕ್ಕ ಯಾವುದು ಎಂಬ ತೀರ್ಮಾನ ಸೂಜಿಯ ತುದಿಯಲ್ಲೇ ಆಗುತ್ತದೆ. ಕುಂಚ ಹಿಡಿದವರು ಮಾಡುವುದೂ ಅದನ್ನೇ ತಾನೇ?

ಅಂದ ಹಾಗೆ, ತೂಗುಹಾಕಲು ಹಿಂಬದಿಯಲ್ಲಿ ಕೋಲು ತೂರುವಷ್ಟು ಅಗಲದ ಬಟ್ಟೆಪಟ್ಟಿ ಹೊಲಿಯಿರಿ. ಮೊಳೆ ಹೊಡೆದರೆ ಅಂಚು ಜೋತುಬೀಳುತ್ತದೆ.