‘ಕಳುಹಿಸಲಾಯಿತು’ ಅಂದ್ರಲ್ಲ, ಕಳಿಸಿದ್ದು ಯಾರು?

ನಮಸ್ಕಾರ. ಅಮೆರಿಕದ ಅಧ್ಯಕ್ಷನಾಗಿದ್ದ ಆಂಡ್ರ್ಯೂ ಜ್ಯಾಕ್ಸನ್ ಬಗ್ಗೆ ನೀವು ಕಳಿಸಿದ ಲೇಖನ ಓದ್ದೆ. ಶುರು ಚೆನ್ನಾಗಿದೆ, 1829ರಲ್ಲಿ ಪ್ರಮಾಣವಚನ ಆದ್ಮೇಲೆ ಜನ ವೈಟ್‌ಹೌಸಿಗೆ ನುಗ್ಗಿದ್ದು ಕಣ್ಣಿಗೆ ಕಟ್ಟುತ್ತೆ. ಅಮೆರಿಕದ ರಾಷ್ಟ್ರೀಯ ಬ್ಯಾಂಕ್ ಜೊತೆ ಅವನಾಡಿದ ಜಗಳದ ಭಾಗಾನೂ ಪರವಾಗಿಲ್ಲ. ಆದ್ರೆ ನಾಲ್ಕನೇ ಪುಟ ಓದಿ ಸಿಟ್ಟು ಬಂತು.

ನಿಮ್ಮ ಸಾಲು ಇದು: “1830ರಲ್ಲಿ ಕಾಯ್ದೆಯನ್ನು ಅಂಗೀಕರಿಸಲಾಯಿತು, ನಂತರ ಚೆರೋಕಿಗಳನ್ನು ಪಶ್ಚಿಮಕ್ಕೆ ಕಳುಹಿಸಲಾಯಿತು, ಪ್ರಯಾಣದಲ್ಲಿ ಅನೇಕರು ಮೃತಪಟ್ಟರು.”

ಮೂಲನಿವಾಸಿಗಳನ್ನ ಅವರ ನೆಲದಿಂದ ಪಶ್ಚಿಮಕ್ಕೆ ಎಬ್ಬಿಸೋ ಕಾಯ್ದೆ ಅದು, ಚೆರೋಕಿಗಳು ಅಂಥ ಒಂದು ಮೂಲನಿವಾಸಿ ಜನಾಂಗ. ಇಷ್ಟೆಲ್ಲಾ ಆಯ್ತು, ಮಾಡಿದೋರು ಮಾತ್ರ ಒಬ್ಬರೂ ಕಾಣಲ್ಲ. ‘ಅಂಗೀಕರಿಸಲಾಯಿತು’ ಅಂತೀರಿ, ಅಮೆರಿಕ ಸಂಸತ್ತಿನ ಕೆಳಮನೆಯಲ್ಲಿ ಪರ 102, ವಿರೋಧ 97, ಜ್ಯಾಕ್ಸನ್‌ನ ಟೆನೆಸಿ ರಾಜ್ಯದವನೇ ಆದ ಸದಸ್ಯ ಡೇವಿ ಕ್ರಾಕೆಟ್ ಕೂಡ ಬೇಡ ಅಂತ ವೋಟ್ ಹಾಕಿದ, ಆ 97 ಜನರನ್ನ ನಿಮ್ಮ ‘ಲಾಯಿತು’ ನುಂಗಿಬಿಡ್ತು. ಮೇ 28ಕ್ಕೆ ಸಹಿ ಹಾಕಿದ್ದು ಜ್ಯಾಕ್ಸನ್, ಬರೀರಿ ಹಾಗಂತ. ಇನ್ನು ‘ಕಳುಹಿಸಲಾಯಿತು’! ಮಗನ್ನ ಹಾಸ್ಟೆಲ್‌ಗೆ ಕಳಿಸಿದ ಹಾಗೆ. 1838ರಲ್ಲಿ ಸೈನಿಕರು ಮನೆಗಳಿಂದ ಎಳ್ಕೊಂಡು ಬಂದು ಶಿಬಿರದಲ್ಲಿ ಕೂಡಿಹಾಕಿ ಆಮೇಲೆ ಓಡಿಸಿದ್ದು. ಸುಮಾರು 16 ಸಾವಿರ ಜನರಲ್ಲಿ ಹೆಚ್ಚುಕಮ್ಮಿ 4 ಸಾವಿರ ಸತ್ತರು ಅಂತ ಲೆಕ್ಕ. ಅಷ್ಟೊತ್ತಿಗೆ ಕುರ್ಚಿಯಲ್ಲಿದ್ದಿದ್ದು ಮುಂದಿನ ಅಧ್ಯಕ್ಷ ವ್ಯಾನ್ ಬ್ಯೂರೆನ್, ಅದನ್ನೂ ಬರೀರಿ, ಆದ್ರೆ ದಾರಿ ಮಾಡಿಟ್ಟಿದ್ದು ಜ್ಯಾಕ್ಸನ್ನೇ. 1814ರಲ್ಲಿ ಹಾರ್ಸ್‌ಶೂ ಬೆಂಡ್ ಯುದ್ಧದಲ್ಲಿ ಇದೇ ಚೆರೋಕಿಗಳು ನದಿ ಈಜಿ ಶತ್ರುಗಳ ದೋಣಿ ಎಳ್ಕೊಂಡು ಬಂದು ಆಗ ಜನರಲ್ ಆಗಿದ್ದ ಇದೇ ಜ್ಯಾಕ್ಸನ್‌ಗೆ ಗೆಲ್ಲೋಕೆ ಸಹಾಯ ಮಾಡಿದ್ರು ಅನ್ನೋದು ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ.

ನಾನು ಡೆಸ್ಕಿಗೆ ಸೇರಿದ ಹೊಸದರಲ್ಲಿ ಒಂದು ಅಣೆಕಟ್ಟಿನ ಸುದ್ದಿಗೆ ‘ಮೂರು ಹಳ್ಳಿಗಳನ್ನು ಸ್ಥಳಾಂತರಿಸಲಾಯಿತು’ ಅಂತ ಬರೆದಿದ್ದೆ. ನಮ್ಮ ಹಿರಿಯ ಸಬ್ ಎಡಿಟರ್ ಹಾಳೆ ಮುಖದ ಮುಂದೆ ಹಿಡಿದು “ಏನಯ್ಯಾ, ಎಬ್ಬಿಸಿದೋರಿಗೆ ಹೆಸರಿಲ್ವಾ?” ಅಂದ್ರು, ಎರಡು ಸಲ ತಿದ್ದಿ ಕೊಟ್ರೂ ವಾಪಸ್ ಬಂತು, ಮೂರನೇ ಸಲ ಕೂತಾಗ ಗೊತ್ತಾಯ್ತು, ಯಾವ ಆಫೀಸಿನಿಂದ ನೋಟಿಸ್ ಹೋಗಿತ್ತು ಅನ್ನೋದೇ ನಂಗೆ ಗೊತ್ತಿರಲಿಲ್ಲ, ಅದನ್ನ ಮುಚ್ಚೋಕೇ ‘ಲಾಯಿತು’ ಹಾಕಿದ್ದೆ. ಟೀ ಕೂಡ ಕುಡೀದೆ ಫೋನ್ ಹಿಡ್ಕೊಂಡು ಕೂತಿದ್ದೆ ಅವತ್ತು.

ಇನ್ನೊಂದು. ‘ಜನಸಾಮಾನ್ಯರ ಅಧ್ಯಕ್ಷ’ ಅಂತ ಐದು ಸಲ ಬರೆದಿದ್ದೀರಿ. ಯಾವ ಜನ ಸ್ವಾಮಿ? ಅವನ ಹರ್ಮಿಟೇಜ್ ತೋಟದಲ್ಲಿ ‘ಅನೇಕ ಕೆಲಸಗಾರರಿದ್ದರು’ ಅಂತೀರಿ, ಅವರು ಗುಲಾಮರು. 1804ರಲ್ಲಿ ತಪ್ಪಿಸ್ಕೊಂಡ ಒಬ್ಬ ಗುಲಾಮನನ್ನ ಹಿಡಿದು ಕೊಟ್ರೆ 50 ಡಾಲರ್ ಇನಾಮು ಅಂತ ಪೇಪರಿನಲ್ಲಿ ಜಾಹೀರಾತು ಕೊಟ್ಟಿದ್ದ, ಅದರ ಜೊತೆಗೆ ಅವನಿಗೆ ಹೊಡೆಯೋ ಪ್ರತಿ ನೂರು ಚಾಟಿ ಏಟಿಗೆ 10 ಡಾಲರ್ ಹೆಚ್ಚು, ಮುನ್ನೂರು ಏಟಿನವರೆಗೆ. ಈ ಜಾಹೀರಾತು ಒಂದನ್ನ ಹಾಗೇ ಇಟ್ಟುಬಿಡಿ, ವಿಶೇಷಣ ಏನೂ ಬೇಡ.

20 ಡಾಲರ್ ನೋಟಿನ ಮೇಲೆ ಅವನ ಮುಖ, ಕಾಗದದ ದುಡ್ಡು ಕಂಡ್ರೇ ಆಗದವನು ಅನ್ನೋ ಕೊನೇ ಪ್ಯಾರಾ ಎಲ್ಲರೂ ಬರೆಯೋದೇ, ತೆಗೆದುಬಿಡಿ. ನಾಲ್ಕನೇ ಪುಟ ತಿದ್ದಿ ಕಳಿಸಿ, ಓದ್ತೀನಿ.