ಯಾವಾಗ ಫಾರ್ಮ್ಯಾಟ್, ಯಾವಾಗ ಕೈ ಹಿಂದಕ್ಕೆ?

ಪ್ರಶ್ನೆ: ಬ್ಲ್ಯಾಕ್‌ಮ್ಯಾಜಿಕ್ ಪಾಕೆಟ್ 6ಕೆ ಕ್ಯಾಮೆರಾದಲ್ಲಿ ಶೂಟ್ ಮಾಡಿದ ಸಿಫಾಸ್ಟ್ ಮೆಮೊರಿ ಕಾರ್ಡನ್ನು ವಿಂಡೋಸ್ ಲ್ಯಾಪ್‌ಟಾಪಿಗೆ ಹಾಕಿದರೆ ‘ಮೊದಲು ಫಾರ್ಮ್ಯಾಟ್ ಮಾಡಿ’ ಎನ್ನುತ್ತದೆ. ಕ್ಯಾಮೆರಾದಲ್ಲಿ ಕ್ಲಿಪ್‌ಗಳು ಸರಿಯಾಗಿ ಓಡುತ್ತಿವೆ. ಕಾರ್ಡ್ ಕೆಟ್ಟಿದೆಯೇ?

ಉತ್ತರ: ಬಹುಶಃ ಇಲ್ಲ. ಕ್ಯಾನ್ಸಲ್ ಒತ್ತಿ. ಈ ಕ್ಯಾಮೆರಾದಲ್ಲಿ ಫಾರ್ಮ್ಯಾಟ್ ಮಾಡುವಾಗ ಫೈಲ್ ಸಿಸ್ಟಮ್‌ಗೆ, ಅಂದರೆ ಫೈಲ್‌ಗಳನ್ನು ಜೋಡಿಸಿಡುವ ಪದ್ಧತಿಗೆ, ಎರಡು ಆಯ್ಕೆ ಇವೆ: ಓಎಸ್ ಎಕ್ಸ್ ಎಕ್ಸ್‌ಟೆಂಡೆಡ್ ಮತ್ತು ಎಕ್ಸ್‌ಫ್ಯಾಟ್. ಮೊದಲನೆಯದನ್ನು ವಿಂಡೋಸ್ ತಾನಾಗಿ ಓದುವುದಿಲ್ಲ, ಓದಲಾಗದ್ದನ್ನೆಲ್ಲ ಅದು ಖಾಲಿ ಡಿಸ್ಕ್ ಎಂದೇ ಭಾವಿಸುತ್ತದೆ. ಮ್ಯಾಕ್‌ನಲ್ಲಿ ಕಾಪಿ ಮಾಡಿ, ಇಲ್ಲವೇ ವಿಂಡೋಸಿಗೆ ಮ್ಯಾಕ್‌ಡ್ರೈವ್‌ನಂಥ ತಂತ್ರಾಂಶ ಹಾಕಿ. ಎಡಿಟಿಂಗ್ ಮ್ಯಾಕ್‌ನಲ್ಲೇ ಆಗುವುದಾದರೆ ಮೊದಲ ಆಯ್ಕೆಯೇ ಒಳ್ಳೆಯದು: ಅದರಲ್ಲಿ ಜರ್ನಲಿಂಗ್ (ಮಾಡಲಿರುವ ಬದಲಾವಣೆಯನ್ನು ಮೊದಲೇ ಗುರುತು ಹಾಕಿಕೊಳ್ಳುವ ವ್ಯವಸ್ಥೆ) ಇದೆ, ಹಾಗಾಗಿ ಬರವಣಿಗೆ ಅರ್ಧಕ್ಕೆ ನಿಂತರೂ ಫೈಲ್ ಪಟ್ಟಿ ಉಳಿಯುವ ಸಾಧ್ಯತೆ ಹೆಚ್ಚು. ಎಕ್ಸ್‌ಫ್ಯಾಟ್‌ಗೆ ಆ ರಕ್ಷಣೆ ಇಲ್ಲ.

ಪ್ರಶ್ನೆ: ಕಾಪಿ ಮಾಡುವ ಮೊದಲೇ ಕಾರ್ಡ್ ಫಾರ್ಮ್ಯಾಟ್ ಆಗಿಬಿಟ್ಟಿದೆ. ಏನಾದರೂ ಸಿಕ್ಕೀತೇ?

ಉತ್ತರ: ಫಾರ್ಮ್ಯಾಟ್ ಆದ ಮೇಲೆ ಒಂದು ಫ್ರೇಮೂ ರೆಕಾರ್ಡ್ ಆಗಿರದಿದ್ದರೆ ಸಿಗುವ ಸಾಧ್ಯತೆ ಚೆನ್ನಾಗಿದೆ. ಕ್ವಿಕ್ ಫಾರ್ಮ್ಯಾಟ್ ಸಾಮಾನ್ಯವಾಗಿ ಫೈಲ್ ಪಟ್ಟಿಯನ್ನಷ್ಟೇ ಹೊಸದಾಗಿ ಬರೆಯುತ್ತದೆ, ದೃಶ್ಯಗಳು ಹಾಗೇ ಇರುತ್ತವೆ. ಎಸ್‌ಎಸ್‌ಡಿ ಆಗಿದ್ದು ಟ್ರಿಮ್ (ಬಳಕೆಯಲ್ಲಿಲ್ಲದ ಜಾಗವನ್ನು ಅಳಿಸಿಕೋ ಎಂಬ) ಆದೇಶ ಹೋಗಿದ್ದರೆ, ಅಥವಾ ವಿಂಡೋಸಿನಲ್ಲಿ ಕ್ವಿಕ್ ಟಿಕ್ ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿದ್ದರೆ, ಆಸೆ ಬಿಡಬೇಕಾಗುತ್ತದೆ.

ಕಾರ್ಡನ್ನು ಕ್ಯಾಮೆರಾದಿಂದ ತೆಗೆಯಿರಿ. ಬರವಣಿಗೆ ತಡೆಯುವ ಲಾಕ್ ಇದ್ದರೆ ಹಾಕಿ. ಮೊದಲು ಇಡೀ ಕಾರ್ಡಿನ ಇಮೇಜ್ (ಯಥಾವತ್ ನಕಲಿನ ಒಂದೇ ಫೈಲ್) ತೆಗೆಯಿರಿ: 512 ಜಿಬಿ ಕಾರ್ಡಿಗೆ ಅದಕ್ಕಿಂತ ಹೆಚ್ಚು ಜಾಗ ಖಾಲಿ ಇರುವ ಬೇರೆ ಡಿಸ್ಕ್ ಬೇಕು. ಲಿನಕ್ಸ್ ಅಥವಾ ಮ್ಯಾಕ್‌ನಲ್ಲಿ ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಸಾಕು, ಅದು ಓದಲು ಬಾರದ ಜಾಗಗಳನ್ನು ಬಿಟ್ಟು ಮುಂದೆ ಹೋಗಿ, ಕೊನೆಗೆ ಅವುಗಳಿಗೆ ಮರಳುತ್ತದೆ. ಆಮೇಲೆ ಕಳೆದ ಫೈಲ್ ಹುಡುಕುವ ಡಿಎಂಡಿಇ ಅಥವಾ ಫೋಟೋರೆಕ್ ಅನ್ನು ಆ ಇಮೇಜ್ ಮೇಲೆ ಓಡಿಸಿ, ಕಾರ್ಡಿನ ಮೇಲಲ್ಲ. ಸಿಕ್ಕ ಫೈಲುಗಳೂ ಬೇರೆ ಡಿಸ್ಕಿಗೇ ಹೋಗಲಿ.

ಫಾರ್ಮ್ಯಾಟ್ ಮಾಡಿದ ಕಾರ್ಡಿನಲ್ಲಿ ಕ್ಯಾಮೆರಾ ಸಾಲಾಗಿ ಬರೆಯುತ್ತದೆ, ಹಾಗಾಗಿ ಫೈಲ್ ಸಾಮಾನ್ಯವಾಗಿ ಇಡಿಯಾಗಿ ಸಿಗುತ್ತದೆ. ನಡುನಡುವೆ ಟೇಕ್‌ಗಳನ್ನು ಅಳಿಸುತ್ತ ಶೂಟ್ ಮಾಡಿದ್ದರೆ ಹೊಸ ಕ್ಲಿಪ್ ತುಂಡುತುಂಡಾಗಿ ಕೂತಿರಬಹುದು, ಅದನ್ನು ಜೋಡಿಸುವುದು ಬಲು ಕಷ್ಟ. ಒಂದೊಂದೇ ಟೇಕ್ ಅಳಿಸಬೇಡಿ ಎನ್ನುವುದು ಇದಕ್ಕೇ.

ಪ್ರಶ್ನೆ: ರೆಕಾರ್ಡ್ ಆಗುವಾಗ ಬ್ಯಾಟರಿ ಹೋಯಿತು. ಪ್ರೋರೆಸ್ ವಿಡಿಯೋ ಫೈಲ್ ಇದೆ, ತೆರೆಯುವುದಿಲ್ಲ.

ಉತ್ತರ: ಯಾವ ಫ್ರೇಮ್ ಎಲ್ಲಿದೆ ಎಂಬ ಸೂಚಿಯನ್ನು ಕ್ಯಾಮೆರಾ ಸಾಮಾನ್ಯವಾಗಿ ಸ್ಟಾಪ್ ಒತ್ತಿದ ಮೇಲೆ ಬರೆಯುತ್ತದೆ. ನಿಮ್ಮ ಫೈಲಿನಲ್ಲಿ ಅದೇ ಇಲ್ಲ. ಅದೇ ಕ್ಯಾಮೆರಾ, ಅದೇ ರೆಸಲ್ಯೂಷನ್, ಅದೇ ಕೋಡೆಕ್ (ವಿಡಿಯೋ ಕುಗ್ಗಿಸುವ ವಿಧಾನ) ಮತ್ತು ಫ್ರೇಮ್ ರೇಟ್‌ನ ಒಂದು ಸರಿಯಾದ ಕ್ಲಿಪ್ ಕೊಟ್ಟು ಅನ್‌ಟ್ರಂಕ್‌ನಂಥ ತಂತ್ರಾಂಶದಲ್ಲಿ ಪ್ರಯತ್ನಿಸಿ, ಅದೂ ಫೈಲಿನ ನಕಲಿನ ಮೇಲೆ. ಫೈಲ್ ಗಾತ್ರ ಸೊನ್ನೆ ಎಂದು ತೋರಿಸಿದರೂ ದತ್ತಾಂಶ ಕಾರ್ಡಿನಲ್ಲಿ ಇದ್ದೀತು. ಆಗ ಮೇಲೆ ಹೇಳಿದಂತೆ ಇಮೇಜ್‌ನಿಂದ ಶುರುಮಾಡಿ.

ಪ್ರಶ್ನೆ: ಕಾರ್ಡನ್ನು ಕಂಪ್ಯೂಟರಿನಲ್ಲೇ ಫಾರ್ಮ್ಯಾಟ್ ಮಾಡಬಹುದೇ?

ಉತ್ತರ: ಬೇಡ, ಬಳಸುವ ಕ್ಯಾಮೆರಾದಲ್ಲೇ ಮಾಡಿ. ಅದಕ್ಕೆ ಬೇಕಾದ ಫೈಲ್ ಸಿಸ್ಟಮ್ ಮತ್ತು ಫೋಲ್ಡರ್‌ಗಳನ್ನು ಅದೇ ಹಾಕಿಕೊಳ್ಳುತ್ತದೆ. ಆದರೆ ಅದಕ್ಕೂ ಮುಂಚೆ ಎರಡು ಬೇರೆ ಡಿಸ್ಕಿಗೆ ಕಾಪಿ ಆಗಿರಲಿ, ಅದೂ ಎಳೆದು ಹಾಕಿದ ಕಾಪಿ ಅಲ್ಲ. ಉಚಿತವಾಗಿ ಸಿಗುವ ಎಡಿಟಿಂಗ್ ತಂತ್ರಾಂಶ ಡಾವಿಂಚಿ ರಿಸಾಲ್ವ್‌ನ ಮೀಡಿಯಾ ಪುಟದಲ್ಲಿ ಕ್ಲೋನ್ ಟೂಲ್ ಇದೆ. ಅದರಲ್ಲಿ ಚೆಕ್‌ಸಮ್‌ಗೆ (ನಕಲು ಮೂಲದಂತೆಯೇ ಇದೆಯೇ ಎಂದು ತಾಳೆ ನೋಡುವ ಲೆಕ್ಕ) ಎಂಡಿ5 ಆರಿಸಿ, ಎರಡೂ ಡಿಸ್ಕಿಗೆ ಹಾಕಿ, ಕಾಪಿಯಾದ ಕ್ಲಿಪ್‌ಗಳನ್ನು ಡಿಸ್ಕಿನಿಂದಲೇ ಓಡಿಸಿ ನೋಡಿದ ಮೇಲಷ್ಟೇ ಫಾರ್ಮ್ಯಾಟ್ ಒತ್ತಿ.