ಟಿಪ್ಸ್ ಕೊಡಬೇಕೇ? ಕೊಡಿ, ಆದರೆ ಮಾರ್ಕ್ಸ್ ಹಾಕೋಕೆ ಅಲ್ಲ

"ಊಟದ ಬಿಲ್ಲು ಪೂರ್ತಿ ಕಟ್ಟಿದ ಮೇಲೂ ಟಿಪ್ಸ್ ಯಾಕೆ ಕೊಡಬೇಕು? ಬಡಿಸೋದು ಅವರ ಕೆಲಸ ತಾನೇ?" ಅಂತ ಕೇಳಿದ್ದೀರಿ. ಬಡಿಸೋದು ಅವರ ಕೆಲಸವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಕೆಲಸಕ್ಕೆ ಸಂಬಳ ಕೊಡೋದು ಯಾರ ಕೆಲಸ? ಮಾಲೀಕ ಪೂರ್ತಿ ಕೊಡುತ್ತಿದ್ದಾನೋ, ಅರ್ಧ ಕೊಟ್ಟು ಉಳಿದದ್ದನ್ನು ನಿಮ್ಮ ತಲೆಗೆ ಕಟ್ಟಿದ್ದಾನೋ ಅನ್ನೋದು ಗೊತ್ತಾಗದೆ ನಿಮ್ಮ ಪ್ರಶ್ನೆಗೆ ಉತ್ತರ ಸಿಗಲ್ಲ.

ಓದುವ ಕಾಲದಲ್ಲಿ ನಾನು ಸಪ್ಲೈಯರ್ ಕೆಲಸ ಮಾಡಿದವನು. ಆಮೇಲೆ ಅದೇ ಜಾಗದಲ್ಲಿ ಗಲ್ಲಾದ ಹಿಂದೆಯೂ ಕೂತೆ. ಹಾಗಾಗಿ ಟಿಪ್ಸ್ ದುಡ್ಡು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತೆ ಅಂತ ಕಣ್ಣಾರೆ ನೋಡಿದ್ದೇನೆ. ನನ್ನ ಉತ್ತರ ಇಷ್ಟೇ: ಸಂಬಳವೇ ಟಿಪ್ಸ್ ಮೇಲೆ ನಿಂತಿರುವ ಕಡೆ ತಪ್ಪದೆ ಕೊಡಿ, ಹಾಗಿಲ್ಲದ ಕಡೆ ಮನಸ್ಸಿದ್ದರೆ ಕೊಡಿ. ಎರಡೂ ಕಡೆ, ಸೇವೆಗೆ ಮಾರ್ಕ್ಸ್ ಹಾಕುತ್ತಿದ್ದೇನೆ ಅನ್ನೋ ಭ್ರಮೆ ಮಾತ್ರ ಬೇಡ.

ಸಂಬಳ ಟಿಪ್ಸ್ ಮೇಲೆ ನಿಲ್ಲೋದು ಅಂದರೆ ಏನು ಅಂತ ನೋಡಬೇಕಾದರೆ ಅಮೆರಿಕದ ಕಾನೂನು ನೋಡಬೇಕು. ಅಲ್ಲಿ 1966ರ ತಿದ್ದುಪಡಿಯೊಂದು, ನೌಕರನಿಗೆ ಸಿಗುವ ಟಿಪ್ಸನ್ನೂ ಕನಿಷ್ಠ ವೇತನದ ಲೆಕ್ಕಕ್ಕೆ ಸೇರಿಸಿಕೊಳ್ಳಲು ಮಾಲೀಕರಿಗೆ ದಾರಿ ಮಾಡಿಕೊಟ್ಟಿತು. ಕೇಂದ್ರ ಕಾನೂನಿನ ಪ್ರಕಾರ ಟಿಪ್ಸ್ ಪಡೆಯುವ ನೌಕರನಿಗೆ ಮಾಲೀಕ ತನ್ನ ಜೇಬಿನಿಂದ ಕೊಡಬೇಕಾದ್ದು ಗಂಟೆಗೆ 2.13 ಡಾಲರ್. 1991ರಿಂದ ಆ ಅಂಕಿ ಅಲ್ಲಾಡಿಲ್ಲ. ಬೇರೆಯವರಿಗೆ ಕನಿಷ್ಠ 7.25 ಡಾಲರ್. ನಡುವಿನ ವ್ಯತ್ಯಾಸ ತುಂಬಬೇಕಾದವರು ಊಟಕ್ಕೆ ಬಂದವರು. ಟಿಪ್ಸ್ ಸಾಲದೆ ಹೋದರೆ ಕೊರತೆಯನ್ನು ಮಾಲೀಕನೇ ತುಂಬಿಕೊಡಬೇಕು ಅಂತಲೂ ಕಾನೂನಿನಲ್ಲಿದೆ. ಸರಿ, ಆದರೆ "ಸಾರ್, ಈ ವಾರ ನನಗೆ ಟಿಪ್ಸ್ ಕಮ್ಮಿ ಬಂತು, ಬಾಕಿ ಕೊಡಿ" ಅಂತ ಕೇಳೋ ಸಪ್ಲೈಯರನ್ನು ಮಾಲೀಕ ಯಾವ ಕಣ್ಣಲ್ಲಿ ನೋಡುತ್ತಾನೆ ಅಂತ ಬಿಡಿಸಿ ಹೇಳಬೇಕಿಲ್ಲ. ಅಂಥ ಕಡೆ ಟಿಪ್ಸ್ ಕೊಡದೆ ಎದ್ದು ಬಂದರೆ ನೀವು ಪ್ರತಿಭಟಿಸಿದ್ದು ಆ ಪದ್ಧತಿಯನ್ನಲ್ಲ, ಒಬ್ಬ ನೌಕರನ ಆವತ್ತಿನ ಕೂಲಿ ಕತ್ತರಿಸಿದಿರಿ, ಅಷ್ಟೇ. ಅದೇ ದೇಶದ ಕ್ಯಾಲಿಫೋರ್ನಿಯಾ, ಮಿನ್ನೆಸೋಟದಂಥ ಕೆಲವು ರಾಜ್ಯಗಳಲ್ಲಿ ಟಿಪ್ಸ್ ಲೆಕ್ಕಕ್ಕೆ ಹಿಡಿಯದೆ ಪೂರ್ತಿ ಕನಿಷ್ಠ ವೇತನ ಕೊಡಬೇಕು. ಅಲ್ಲೂ ಜನ ಟಿಪ್ಸ್ ಕೊಡುತ್ತಾರೆ ಅನ್ನೋದು ಬೇರೆ ಮಾತು, ರೂಢಿ ಅಷ್ಟು ಸುಲಭಕ್ಕೆ ಬಿಡಲ್ಲ.

ಫ್ರಾನ್ಸಿನಲ್ಲಿ ಇದು ತಿರುಗಾಮುರುಗಾ. 1987ರಿಂದ ಮೆನುವಿನಲ್ಲಿ ಬರೆದ ದರದಲ್ಲೇ ಸೇವೆಯ ದುಡ್ಡೂ ಸೇರಿರಬೇಕು. ಅಲ್ಲಿ ಮೇಜಿನ ಮೇಲೆ ಬಿಟ್ಟ ಚಿಲ್ಲರೆ ನಿಮ್ಮ ಖುಷಿಗೆ ಬಿಟ್ಟದ್ದು. ಜಪಾನಿನಲ್ಲಂತೂ ಬಿಟ್ಟು ಹೋದರೆ ಮರೆತು ಹೋಗಿರಬೇಕೆಂದು ಹಿಂದೆಯೇ ಓಡಿ ಬಂದು ಕೈಗೆ ಕೊಟ್ಟಾರು. ಅಲ್ಲಿ ಟಿಪ್ಸ್ ಇಲ್ಲದೇನೂ ಒಳ್ಳೆಯ ಸೇವೆ ಸಿಗುತ್ತಿದೆ. "ಟಿಪ್ಸ್ ಇಲ್ಲದಿದ್ದರೆ ಯಾರೂ ಮುಖ ಕೊಟ್ಟು ಮಾತಾಡಲ್ಲ" ಅನ್ನುವವರು ಇದಕ್ಕೆ ಏನು ಹೇಳುತ್ತಾರೋ.

ಅಮೆರಿಕದ ಜನ ಹುಟ್ಟಾ ಟಿಪ್ಸ್ ಪ್ರಿಯರೂ ಅಲ್ಲ. ಒಂದು ಕಾಲಕ್ಕೆ ಇದು ಯುರೋಪಿನ ದೊಡ್ಡಮನುಷ್ಯರ ಚಾಳಿ, ಪ್ರಜಾಪ್ರಭುತ್ವಕ್ಕೆ ಒಗ್ಗಲ್ಲ ಅಂತ ಅಲ್ಲಿ ಗಲಾಟೆಯೇ ನಡೆದಿತ್ತು. 1909ರಲ್ಲಿ ವಾಷಿಂಗ್ಟನ್ ರಾಜ್ಯ ಟಿಪ್ಸನ್ನೇ ನಿಷೇಧಿಸಿತು, ಇನ್ನೂ ಕೆಲವು ರಾಜ್ಯಗಳು ಹಿಂದೆಯೇ ಹೋದವು, 1926ರ ಹೊತ್ತಿಗೆ ಅಷ್ಟೂ ಕಾನೂನುಗಳು ಮೂಲೆ ಸೇರಿದ್ದವು. ಟಿಪ್ಸ್ ಇದ್ದರೆ ಲಾಭ ಯಾರಿಗೆ ಅಂತ ತಿಳಿಯೋಕೆ ಪುಲ್‌ಮನ್ ಕಂಪನಿಯ ರೈಲುಗಳ ಕಥೆ ಸಾಕು. ಆ ಮಲಗುವ ಬೋಗಿಗಳಲ್ಲಿ ಪ್ರಯಾಣಿಕರ ಸೇವೆಗೆ ಕರಿಯ ಜನರನ್ನು ಕಡಿಮೆ ಸಂಬಳಕ್ಕೆ ಇಟ್ಟುಕೊಂಡು, ಉಳಿದದ್ದನ್ನು ಪ್ರಯಾಣಿಕರ ಕೈಯಿಂದ ಗಿಟ್ಟಿಸಿಕೊಳ್ಳಿ ಅಂತ ಬಿಟ್ಟಿದ್ದರು. 1925ರಲ್ಲಿ ಎ. ಫಿಲಿಪ್ ರ‍್ಯಾಂಡಾಲ್ಫ್ ಮುಂದಾಳತ್ವದಲ್ಲಿ ಅವರು ಸಂಘ ಕಟ್ಟಿದರು. ಕಂಪನಿ ಅವರ ಜೊತೆ ಒಪ್ಪಂದಕ್ಕೆ ಸಹಿ ಹಾಕಿದ್ದು 1937ರಲ್ಲಿ.

ಇನ್ನು ಮಾರ್ಕ್ಸ್ ವಿಚಾರ. ಸೇವೆ ಚೆನ್ನಾಗಿದ್ದರೆ ಹೆಚ್ಚು, ಇಲ್ಲದಿದ್ದರೆ ಸೊನ್ನೆ ಅನ್ನೋದು ಕೇಳೋಕೆ ನ್ಯಾಯವಾಗಿದೆ. ಕಾರ್ನೆಲ್ ವಿಶ್ವವಿದ್ಯಾಲಯದ ಮೈಕೆಲ್ ಲಿನ್ ದಶಕಗಳಿಂದ ಟಿಪ್ಸ್ ಬಗ್ಗೆಯೇ ಸಂಶೋಧನೆ ಮಾಡಿಕೊಂಡು ಬಂದವರು. ಸೇವೆಯ ಗುಣಮಟ್ಟಕ್ಕೂ ಟಿಪ್ಸ್ ಮೊತ್ತಕ್ಕೂ ಇರುವ ನಂಟು ತೀರಾ ತೆಳು ಅಂತ ಅವರು ತೋರಿಸಿದ್ದಾರೆ. ಬಿಲ್ಲಿನ ಜೊತೆ ಚಾಕೊಲೇಟ್ ಇಟ್ಟರೆ ಟಿಪ್ಸ್ ಹೆಚ್ಚುತ್ತೆ ಅಂತ 2002ರ ಅಧ್ಯಯನವೊಂದು ಹೇಳುತ್ತೆ. 1996ರ ಇನ್ನೊಂದರಲ್ಲಿ, ಬಿಲ್ಲಿನ ಹಿಂದೆ ನಗುಮುಖದ ಚಿತ್ರ ಬರೆದಾಗ ಬಡಿಸುವ ಹೆಂಗಸಿಗೆ ಟಿಪ್ಸ್ ಹೆಚ್ಚಾಯಿತು, ಗಂಡಸಿಗೆ ಆಗಲಿಲ್ಲ! ನಾನು ಕಂಡದ್ದೂ ಇದನ್ನೇ. ಕೊಡುವವರು ಸಾಂಬಾರು ಮೈಮೇಲೆ ಚೆಲ್ಲಿದರೂ ಕೊಡುತ್ತಾರೆ, ಕೊಡದವರು ಕಾಲು ಒತ್ತಿದರೂ ಕೊಡಲ್ಲ.

ಅದೂ ಅಲ್ಲದೆ, ಊಟ ತಡವಾದದ್ದಕ್ಕೆ ನೀವು ಶಿಕ್ಷೆ ಕೊಡುವುದು ಯಾರಿಗೆ? ಒಳಗೆ ಒಲೆ ಕೈಕೊಟ್ಟಿರುತ್ತೆ, ಅಡುಗೆಯವ ರಜೆ ಹಾಕಿರುತ್ತಾನೆ, ಮಾಲೀಕ ಇಬ್ಬರ ಕೆಲಸ ಒಬ್ಬನಿಗೆ ಹಚ್ಚಿರುತ್ತಾನೆ. ಬೈಸಿಕೊಳ್ಳೋದು ತಟ್ಟೆ ಹಿಡಿದು ನಿಂತವನು. ದೂರು ಇದ್ದರೆ ಮ್ಯಾನೇಜರನ್ನು ಕರೆದು ಬಾಯಿಬಿಟ್ಟು ಹೇಳಿ. ಟಿಪ್ಸ್ ಕಡಿತ ಮಾಡಿ ಎದ್ದು ಹೋದರೆ ಯಾಕೆ ಅಂತ ಅವನಿಗೂ ಗೊತ್ತಾಗಲ್ಲ, ಅಡುಗೆಮನೆಗೂ ಗೊತ್ತಾಗಲ್ಲ.

ಮಾರ್ಕ್ಸ್ ಹಾಕುವ ಬುದ್ಧಿ ಎಲ್ಲಿಗೆ ಹೋಗಿ ಮುಟ್ಟುತ್ತೆ ಅಂತ ಹೇಳುತ್ತೇನೆ. ನಮ್ಮಲ್ಲಿಗೆ ಒಬ್ಬರು ಬರುತ್ತಿದ್ದರು. ಕೂತ ಕೂಡಲೇ ಜೇಬಿನಿಂದ ನೋಟುಗಳನ್ನು ತೆಗೆದು ಮೇಜಿನ ಅಂಚಿಗೆ ಸಾಲಾಗಿ ಜೋಡಿಸೋರು. ನೀರು ತರೋದು ತಡವಾದರೆ ಒಂದು ನೋಟು ವಾಪಸ್ ಜೇಬಿಗೆ. ಚಮಚ ಬದಲಿಸಲಿಲ್ಲ ಅಂದರೆ ಇನ್ನೊಂದು. ಬಾಯಲ್ಲಿ ಒಂದು ಮಾತಿಲ್ಲ, ಬರೀ ಬೆರಳಾಟ, ಮುಖದಲ್ಲಿ ನಗು. ಅವರ ಜೊತೆ ಬಂದವರೇ ಮುಜುಗರದಿಂದ ತಲೆ ತಗ್ಗಿಸಿ ಕೂರುತ್ತಿದ್ದರು. ಅವರ ಮೇಜಿಗೆ ಹೋಗಲು ನಮ್ಮಲ್ಲಿ ಹಿರಿಯರು ಯಾರೂ ಒಪ್ಪದೆ, ಹೊಸದಾಗಿ ಸೇರಿದ ಹುಡುಗರನ್ನು ತಳ್ಳುತ್ತಿದ್ದರು. ಜೊತೆಗೆ ಕೆಲಸ ಮಾಡುತ್ತಿದ್ದ ಹುಡುಗಿಯರು ಟಿಪ್ಸ್‌ಗಾಗಿ ನುಂಗಿಕೊಂಡ ಮಾತುಗಳು ಬೇರೆಯೇ ಇವೆ, ಅದನ್ನು ಅವರೇ ಬರೆದರೆ ಚೆನ್ನ. ಟಿಪ್ಸ್ ಪದ್ಧತಿ ಬಗ್ಗೆ ನನಗಿರುವ ನಿಜವಾದ ತಕರಾರು ಇದು. ದುಡ್ಡಿನದ್ದಲ್ಲ.

ಹಾಗಾದರೆ ಕಿತ್ತೇ ಹಾಕಬಹುದಲ್ಲ ಅನ್ನಬಹುದು. ನ್ಯೂಯಾರ್ಕಿನ ಡ್ಯಾನಿ ಮೇಯರ್ ಅನ್ನೋ ರೆಸ್ಟೋರೆಂಟ್ ಮಾಲೀಕರು 2015ರಲ್ಲಿ ತಮ್ಮ ರೆಸ್ಟೋರೆಂಟ್‌ಗಳಲ್ಲಿ ಟಿಪ್ಸ್ ನಿಲ್ಲಿಸಿ, ಮೆನುವಿನ ದರ ಏರಿಸಿ, ಒಳಗೆ ಅಡುಗೆ ಮಾಡುವವರ ಸಂಬಳ ಹೆಚ್ಚಿಸಲು ಹೊರಟರು. ಟಿಪ್ಸ್‌ನಿಂದ ಚೆನ್ನಾಗಿ ದುಡಿಯುತ್ತಿದ್ದ ಹಳಬರು ಕೆಲವರು ಕೆಲಸ ಬಿಟ್ಟರು. 2020ರಲ್ಲಿ ಕೋವಿಡ್ ನಡುವೆ ಡ್ಯಾನಿ ಮೇಯರ್ ಕೂಡ ಆ ಪ್ರಯತ್ನ ಕೈಬಿಟ್ಟರು. ಒಬ್ಬ ಮಾಲೀಕ ಒಳ್ಳೆಯವನಾದರೆ ಸಾಲದು, ಪಕ್ಕದವನ ಮೆನುವಿನಲ್ಲಿ ದರ ಕಡಿಮೆ ಕಾಣುತ್ತಿರುವವರೆಗೆ ಇದು ಕಷ್ಟ.

ನೀವು ಕೇಳದ, ಆದರೆ ಎಲ್ಲಕ್ಕಿಂತ ಮುಖ್ಯ ಅಂತ ನನಗನಿಸುವ ಪ್ರಶ್ನೆ: ಕೊಟ್ಟದ್ದು ಯಾರಿಗೆ ಸೇರುತ್ತೆ? ನಮ್ಮಲ್ಲಿ ಡಬ್ಬಿ ಪದ್ಧತಿ ಇತ್ತು. ರಾತ್ರಿ ಶಟರ್ ಅರ್ಧ ಎಳೆದ ಮೇಲೆ ಡಬ್ಬಿಯನ್ನು ಮೇಜಿನ ಮೇಲೆ ಸುರಿಯೋರು. ಎಣ್ಣೆ ಜಿಡ್ಡಿನ ನೋಟುಗಳನ್ನು ಅಂಗೈಯಲ್ಲಿ ಉಜ್ಜಿ ನೆಟ್ಟಗೆ ಮಾಡಿ, ನಾಣ್ಯಗಳನ್ನು ಬೇರೆ ಗುಡ್ಡೆ ಹಾಕಿ, ಹಿರಿಯ ಸಪ್ಲೈಯರ್‌ಗೆ ಎರಡು ಪಾಲು, ಹೊಸಬನಿಗೆ ಒಂದು, ಮೇಜು ಒರೆಸುವವನಿಗೆ ಅರ್ಧ. ಪಾತ್ರೆ ತೊಳೆಯುವಾತ ನೀರಲ್ಲಿ ನೆನೆದು ಬೆಳ್ಳಗೆ ಸುಕ್ಕಾದ ಬೆರಳುಗಳನ್ನು ಪಂಚೆಗೆ ಒರೆಸುತ್ತಾ ಬಾಗಿಲ ಹತ್ತಿರ ನಿಂತಿರುತ್ತಿದ್ದ. ಅವನಿಗೆ ಪಾಲು ಉಂಟೋ ಇಲ್ಲವೋ ಅನ್ನೋದು ಆವತ್ತು ಡಬ್ಬಿ ಎಷ್ಟು ತುಂಬಿತ್ತು ಅನ್ನೋದರ ಮೇಲೆ. ಅಡುಗೆಯವರಿಗೆ ಕೊಡಬೇಕೇ ಬೇಡವೇ ಅನ್ನೋ ಜಗಳ ನಾನು ಬಿಡುವವರೆಗೂ ತೀರಲಿಲ್ಲ. ಆದರೆ ಕನಿಷ್ಠ ದುಡ್ಡು ಕಣ್ಣೆದುರು ಇರುತ್ತಿತ್ತು. ಫೋನಿನಲ್ಲಿ ಬಿಲ್ಲಿನ ಜೊತೆಗೇ ಸೇರಿಸಿ ಕಳಿಸಿದ ಟಿಪ್ಸ್ ನೇರ ಮಾಲೀಕನ ಖಾತೆಗೆ ಹೋಗುತ್ತಿತ್ತು. ಗಲ್ಲಾದಲ್ಲಿ ಕೂತ ನನಗೇ ಅದು ಯಾವಾಗ ಹೊರಗೆ ಬರುತ್ತೆ ಅಂತ ಗೊತ್ತಿರಲಿಲ್ಲ.

ಈ ರೋಗ ಎಲ್ಲ ಕಡೆಯದ್ದು. ಇಲ್ಲದಿದ್ದರೆ ಬ್ರಿಟನ್ ಇದಕ್ಕೆಂದೇ 2023ರಲ್ಲಿ ಕಾಯ್ದೆ ಮಾಡಬೇಕಾಗಿ ಬರುತ್ತಿರಲಿಲ್ಲ. 2024ರ ಅಕ್ಟೋಬರ್ 1ರಿಂದ ಅಲ್ಲಿ ಮಾಲೀಕರು ತಮ್ಮ ಹಿಡಿತದಲ್ಲಿರುವ ಟಿಪ್ಸ್, ಸರ್ವಿಸ್ ಚಾರ್ಜ್ ಎರಡನ್ನೂ ತಾವು ಮುರಿದುಕೊಳ್ಳದೆ, ಮುಂದಿನ ತಿಂಗಳ ಕೊನೆಯೊಳಗೆ ನೌಕರರಿಗೆ ಹಂಚಬೇಕು.

ಹಾಗಾಗಿ ಕೊಡುವುದಾದರೆ ನಗದು ಕೊಡಿ, ಬಡಿಸಿದವರ ಕೈಗೇ ಕೊಡಿ. ಕಾರ್ಡು, ಫೋನು ಬಿಟ್ಟರೆ ದಾರಿಯಿಲ್ಲ ಅಂದರೆ "ಇದು ನಿಮಗೆ ಸೇರುತ್ತಾ?" ಅಂತ ಕೇಳಿ, ಗಲ್ಲಾಕ್ಕೆ ಕೇಳಿಸದ ಹಾಗೆ. ಬಾಯಿ ಸುಳ್ಳು ಹೇಳಿದರೂ ಮುಖ ಹೇಳಿಬಿಡುತ್ತೆ. ಬಿಲ್ಲಿನಲ್ಲೇ ಸರ್ವಿಸ್ ಚಾರ್ಜ್ ಹಾಕಿದ್ದರೆ ಮತ್ತೆ ಕೊಡಬೇಕಿಲ್ಲ. ಕೌಂಟರಿನಲ್ಲಿ ನೀವೇ ನಿಂತು ತಂದುಕೊಂಡಾಗ, ಇನ್ನೂ ಒಂದು ತುತ್ತೂ ಬಾಯಿಗೆ ಹೋಗುವ ಮುಂಚೆ, ಪರದೆ ನಿಮ್ಮತ್ತ ತಿರುಗಿಸಿ ಶೇಕಡಾ ಇಷ್ಟು, ಅಷ್ಟು ಅಂತ ತೋರಿಸಿದರೆ ನಾಚಿಕೆಪಡದೆ ಬೇಡ ಅನ್ನಿ.

ಎಷ್ಟು ಕೊಡಬೇಕು ಅನ್ನೋದಕ್ಕೆ ಶೇಕಡಾ ಲೆಕ್ಕ ನನಗೆ ಒಗ್ಗಲ್ಲ. ದುಬಾರಿ ತಟ್ಟೆಯನ್ನು ತರೋಕೂ ಅಗ್ಗದ್ದನ್ನು ತರೋಕೂ ಹೆಜ್ಜೆ ಒಂದೇ. ನಾನು ನೋಡೋದು ಎಷ್ಟು ಹೊತ್ತು ಮೇಜು ಹಿಡಿದು ಕೂತೆವು, ಎಷ್ಟು ಓಡಾಡಿಸಿದೆವು, ಮಕ್ಕಳಿದ್ದರೆ ನೆಲದ ಮೇಲೆ ಎಷ್ಟು ಚೆಲ್ಲಿದರು ಅಂತ. ಬರೀ ಕಾಫಿ ಕುಡಿದು ಎರಡು ಗಂಟೆ ಹರಟೆ ಹೊಡೆದಿದ್ದರೆ ಬಿಲ್ಲು ಸಣ್ಣದಾದರೂ ಟಿಪ್ಸ್ ಸಣ್ಣದಾಗಬಾರದು, ಆ ಮೇಜಿಗೆ ಬರಬೇಕಿದ್ದ ಇನ್ನೆರಡು ಗಿರಾಕಿಗಳ ಟಿಪ್ಸ್ ನಮ್ಮಿಂದ ತಪ್ಪಿದೆ.

ಇನ್ನು, ನೀವು ಹೊರಗೆ ತಿನ್ನೋದನ್ನೇ ಲೆಕ್ಕ ಹಾಕಿ ತಿನ್ನುವ ಸ್ಥಿತಿಯಲ್ಲಿದ್ದರೆ ಬಿಡಿ. ಆ ಕೆಲಸದಲ್ಲಿ ಇರುವವರಿಗೆ ಅಂಥವರ ಗುರುತು ಚೆನ್ನಾಗಿ ಸಿಗುತ್ತೆ, ನಾವ್ಯಾರೂ ಅವರ ಬಗ್ಗೆ ಬೇಜಾರು ಮಾಡಿಕೊಂಡದ್ದಿಲ್ಲ.